ಆಟಿಯಲ್ಲಿ ಚಾದ ಬೆಲೆ ಏರಿಸಿದ್ದು

ಬಂದರಿನ ಹಮಾಲಿಗಳು ಒಟ್ಟಾಗಿ ಎದ್ದು ಎದುರು ಹೋಟೆಲಿಗೆ ಹೋಗಬಹುದು. ಹೋಗದೆ ಇಲ್ಲೇ ಕೂತು ಚಾ ಕುಡಿದು, ಹಳೆಯ ಬೆಲೆಯನ್ನೇ ಮೇಜಿನ ಮೇಲಿಟ್ಟು ನಡೆಯಬಹುದು. ಇದು ಇನ್ನೂ ಕಷ್ಟ, ಏಕೆಂದರೆ ಹಿಂದಿನಿಂದ ಓಡಿ ಹತ್ತು ಪೈಸೆ ಕೇಳುವ ಧೈರ್ಯ ನನಗಿಲ್ಲ. ಸಿಟ್ಟಿನಲ್ಲಿ ಯಾರಾದರೂ ಗ್ಲಾಸು ಒಡೆಯಬಹುದು. ಯೂನಿಯನ್ನಿನವರು ಬಾವುಟ ತಂದು ಬಾಗಿಲಲ್ಲಿ ನೆಡಬಹುದು. ಬ್ಯಾಂಕಿನ ಗುಮಾಸ್ತರು ಮನೆಯಿಂದಲೇ ಫ್ಲಾಸ್ಕ್ ತರಲು ಶುರು ಮಾಡಬಹುದು. ಇಬ್ಬರು ಸೇರಿ ಒಂದು ಚಾ ಹೇಳಿ, ಎರಡು ಖಾಲಿ ಗ್ಲಾಸು ಕೇಳಬಹುದು. ಬೋರ್ಡು ಬರೆಯುವವ ಅಕ್ಷರ ತಪ್ಪಿ ಬರೆದು ಕುದ್ರೋಳಿಯ ಜನರೆಲ್ಲ ನಗಬಹುದು. ಬೆಲೆ ಏರಿಸಿದ ಸುದ್ದಿ ಕೇಳಿ ಇನ್‌ಸ್ಪೆಕ್ಟರ್ ಬಂದು ಹಾಲಿಗೆ ಕೊಳವೆ ಅದ್ದಬಹುದು. ನಮ್ಮ ಚಾ ಮಾಸ್ಟರು ನಾಚಿಕೆಯಿಂದ ಕೆಲಸ ಬಿಡಬಹುದು. ಇದೆಲ್ಲ ಆಗುವ ಮೊದಲೇ ನನಗೆ ಎದೆನೋವು ಬರಬಹುದು.

ಚಾದ ಬೆಲೆಯನ್ನು ನಲವತ್ತು ಪೈಸೆಯಿಂದ ಐವತ್ತಕ್ಕೆ ಏರಿಸುವ ಮೊದಲು ನಾನು ಯೋಚಿಸಿ ಇಟ್ಟುಕೊಂಡದ್ದು ಇಷ್ಟು. ನೆನಪಿಗೆ ಬಾರದ್ದು ಇನ್ನೂ ಇರಬಹುದು ಎಂಬ ಹೆದರಿಕೆ ಬೇರೆ ಇತ್ತು.

ಎಪ್ಪತ್ತರ ದಶಕ ಮುಗಿದು ಎಂಬತ್ತು ಶುರುವಾದ ಹೊತ್ತು ಅದು. ಪೇಟೆಯಲ್ಲಿ ಸಕ್ಕರೆ ಸಿಕ್ಕುವುದೇ ಕಷ್ಟ, ಸಿಕ್ಕಿದರೆ ಬೆಲೆ ಕೇಳುವುದು ಕಷ್ಟ. ಕುದ್ರೋಳಿಯಿಂದ ಬಂದರಿಗೆ ಇಳಿಯುವ ರಸ್ತೆಯಲ್ಲಿ ನನ್ನದೊಂದು ಸಣ್ಣ ಹೋಟೆಲು. ಬೆಳಿಗ್ಗೆ ಬನ್ಸ್, ದೋಸೆ, ಸಂಜೆ ಗೋಳಿಬಜೆ, ಚಾ ಮಾತ್ರ ಬಾಗಿಲು ತೆರೆದಾಗಿನಿಂದ ಮುಚ್ಚುವವರೆಗೆ. ನಾನು ಗಲ್ಲಾದಲ್ಲಿ. ಬಾಯ್ಲರಿನ ಹತ್ತಿರ ಚಾ ಮಾಸ್ಟರು. ಹಿಂದೆ ಅಡುಗೆಮನೆಯಲ್ಲಿ ಹಿಟ್ಟು ರುಬ್ಬಿ ದೋಸೆ ಹೊಯ್ಯುವ ಒಬ್ಬ ಹೆಂಗಸು. ಮೂವರ ಸಂಸಾರವೂ ಆ ಒಂದೇ ಬಾಯ್ಲರಿನ ಸುತ್ತ ಕೂತಿತ್ತು.

ಕಟ್ಟಡ ಮಾತ್ರ ನನ್ನದಲ್ಲ. ನನ್ನ ಹೆಂಡತಿಗೆ ಅವಳ ತಾಯಿಯ ಕಡೆಯಿಂದ ಬಂದದ್ದು. ಅವಳದು ಅರ್ಧ, ಅವಳ ತಮ್ಮನದು ಅರ್ಧ. ಈ ತಮ್ಮ ದುಬೈಯಲ್ಲಿ ಒಂದು ಸ್ಟೋರಿನಲ್ಲಿ ಕೆಲಸಕ್ಕಿದ್ದ. ಆ ಮಳೆಗಾಲದ ಶುರುವಿನಲ್ಲಿ ಉದ್ದ ರಜೆ ಹಾಕಿ ಬಂದವ, ಬಂದ ಮರುದಿನವೇ ಹೋಟೆಲಿಗೆ ಬಂದು ಗೋಡೆಯಿಂದ ಗೋಡೆಗೆ ಹೆಜ್ಜೆ ಹಾಕಿ ಅಳೆದ.

"ಬಾವ, ಹಡಗೆಲ್ಲ ಪಣಂಬೂರಿನ ಹೊಸ ಬಂದರಿಗೆ ಹೋಯ್ತು. ಇಲ್ಲಿ ಇನ್ನು ಚಾ ಕುಡಿಯುವುದು ಯಾರು, ಮೀನಾ?" ಎಂದ. "ನಾನೊಂದು ಫ್ಯಾನ್ಸಿ ಸ್ಟೋರ್ ಹಾಕ್ತೇನೆ. ಸೆಂಟು, ಪ್ಲಾಸ್ಟಿಕ್ಕು, ಗಡಿಯಾರ. ನೀವು ಗಲ್ಲಾದಲ್ಲಿ ಕೂತ್ಕೊಳ್ಳಿ. ಹೊಗೆ ಇಲ್ಲ, ಜಗಳ ಇಲ್ಲ."

"ಚಾ ಮಾಸ್ಟರು?" ಎಂದೆ.

"ಅವರಿಗೆ ಸೆಂಟು ಮಾರಲಿಕ್ಕೆ ಬರ್ತದಾ?"

ಬರುವುದಿಲ್ಲ ಎಂದು ಮೂವರಿಗೂ ಗೊತ್ತಿತ್ತು. ಮೂರನೆಯವರಾದ ಮಾಸ್ಟರು ಬಾಯ್ಲರಿಗೆ ಬೆನ್ನು ಹಾಕಿ ಎಲ್ಲ ಕೇಳುತ್ತಿದ್ದರು.

ಕೊನೆಗೆ ತೀರ್ಮಾನ ಮಾಡಿದ್ದು ನನ್ನ ಹೆಂಡತಿ. ಹೋಟೆಲು ಲಾಭದಲ್ಲಿದ್ದರೆ ಇರಲಿ. ಇಲ್ಲದಿದ್ದರೆ ಆಗಸ್ಟ್ ನಡುವಿನ ಸೋಣ ಸಂಕ್ರಾಂತಿಯ ದಿನ ಬೀಗದಕೈ ತಮ್ಮನಿಗೆ. ಅಲ್ಲಿಯವರೆಗೆ ಲೆಕ್ಕ ತೋರಿಸಬೇಕು. ನಾನು ಒಪ್ಪಿದೆ. ಹೋಟೆಲು ತುಂಬಿ ತುಳುಕುತ್ತಿರುವಾಗ ಲಾಭ ಇಲ್ಲದೆ ಎಲ್ಲಿಗೆ ಹೋಗುತ್ತದೆ ಎಂದು ನಾನು ಎಣಿಸಿದ್ದೆ. ಜನ್ಮದಲ್ಲಿ ಒಮ್ಮೆ ಚಿಂತೆ ಮಾಡದೆ ಒಪ್ಪಿದ ವಿಷಯ ಅದು.

ಅದುವರೆಗೆ ನನ್ನ ವ್ಯಾಪಾರದ ಕ್ರಮ ಸರಳ. ಎಲ್ಲ ಸಾಮಾನಿಗೂ ಕೊಟ್ಟದ್ದು ಒಂದು ಕಡೆ, ಗಲ್ಲಾಕ್ಕೆ ಬಂದದ್ದು ಇನ್ನೊಂದು ಕಡೆ. ಯಾವ ತಿಂಡಿಯಿಂದ ಎಷ್ಟು ಬಂತು, ಯಾವುದರಲ್ಲಿ ಎಷ್ಟು ಹೋಯಿತು ಎಂದು ಬಿಡಿಸಿ ನೋಡಿದವನಲ್ಲ. ಈಗ ನೋಡಬೇಕಾಯಿತು. ಒಂದು ವಾರ ಚಾದ ಸಕ್ಕರೆಗೆ ಬೇರೆ ಡಬ್ಬ, ಚಾದ ಹಾಲಿಗೆ ಬೇರೆ ಪಾತ್ರೆ ಇಟ್ಟೆ. ಚಾ ಹುಡಿಯನ್ನು ಬೆಳಿಗ್ಗೆ ತೂಗಿ ಕೊಟ್ಟು ಸಂಜೆ ಉಳಿದದ್ದನ್ನು ಮತ್ತೆ ತೂಗಿದೆ. ಇದ್ದಲು, ಒಡೆದ ಗ್ಲಾಸು, ಸೋಸುವ ಬಟ್ಟೆ ಎಲ್ಲ ಬರೆದೆ.

"ಚಾಕ್ಕೆ ಜಾತಕ ಬರೆಸ್ತಾ ಇದ್ದೀರಾ?" ಎಂದು ಕೇಳಿದರು ಮಾಸ್ಟರು. "ಆಯುಷ್ಯ ಎಷ್ಟುಂಟು ನೋಡಿ ಹೇಳಿ. ನಾನೂ ಊರಿಗೆ ಕಾಗದ ಹಾಕ್ಬೇಕು."

ವಾರದ ಕೊನೆಗೆ ಕೂಡಿಸಿದೆ. ತಪ್ಪಿರಬೇಕೆಂದು ಮತ್ತೆ ಕೂಡಿಸಿದೆ. ನಲವತ್ತು ಪೈಸೆಗೆ ಮಾರುವ ಚಾಕ್ಕೆ ನಮಗೇ ನಲವತ್ತಮೂರರ ಹತ್ತಿರ ಬೀಳುತ್ತಿತ್ತು. ಆ ಮೂರು ಪೈಸೆಯನ್ನು ಬನ್ಸು, ದೋಸೆಗಳು ಬೆನ್ನ ಮೇಲೆ ಹೊತ್ತು ನಡೆಯುತ್ತಿದ್ದವು. ಅದಕ್ಕಿಂತ ಬೇಸರದ ಸಂಗತಿ ಇನ್ನೊಂದು. ಜನ ಕಿಕ್ಕಿರಿದು, ಬರೀ ಚಾ ಚಾ ಎಂದು ಕೂಗಿ, ನಾನು ಸಂತೋಷದಿಂದ ಮನೆಗೆ ಹೋದ ದಿನಗಳೇ ಅತಿ ಹೆಚ್ಚು ನಷ್ಟದ ದಿನಗಳು. ಹೋಟೆಲು ಖಾಲಿ ಇದ್ದು ನನಗೆ ನಿದ್ದೆ ಬಾರದ ದಿನಗಳಲ್ಲಿ ನಾವು ಸ್ವಲ್ಪ ಚೆನ್ನಾಗಿದ್ದೆವು. ವರ್ಷಗಟ್ಟಲೆ ಚಿಂತೆಯನ್ನು ತಪ್ಪು ದಿನಗಳಲ್ಲಿ ಮಾಡಿದ್ದೆ.

ಬೆಲೆ ಏರಿಸುವುದು ಎಂಬ ಉಪಾಯ ಯಾರಿಗಾದರೂ ಹೊಳೆಯುವಂಥದ್ದು. ಆದ್ದರಿಂದ ನಾನು ಮೊದಲು ಬೇರೆಯದನ್ನು ಮಾಡಿದೆ. ಪೇಟೆಯ ಒಂದು ಅಂಗಡಿಯಲ್ಲಿ ಹೊಸ ನಮೂನೆಯ ಗ್ಲಾಸು ಬಂದಿತ್ತು. ಹೊರಗಿನಿಂದ ನೋಡಿದರೆ ನಮ್ಮದರಷ್ಟೇ ಎತ್ತರ, ಅಷ್ಟೇ ಅಗಲ. ತಳ ಮಾತ್ರ ಎರಡು ಬೆರಳು ದಪ್ಪ. ಹೋಟೆಲಿನವರೇ ಹೆಚ್ಚಾಗಿ ಕೊಂಡುಹೋಗುತ್ತಾರೆ ಎಂದು ಅಂಗಡಿಯವರು ಮೆಲ್ಲಗೆ ಹೇಳಿದರು. ನಾನೂ ಮೆಲ್ಲಗೆ ಕೊಂಡು ತಂದೆ.

ಮರುದಿನ ಬೆಳಿಗ್ಗೆ ಮೊದಲು ಬಂದವರು ಬಂದರಿನ ಹಮಾಲಿಗಳ ಮೇಸ್ತ್ರಿ. ಹಂಚಿನ ಲಾರಿಗೆ ಹೋಗುವ ಮೊದಲು ಹತ್ತಾರು ಜನರನ್ನು ಕಟ್ಟಿಕೊಂಡು ಬರುವವರು. ಅವರು ಚಾ ಕುಡಿದು ಮುಗಿಸಿ, ಗ್ಲಾಸನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಕೆಳಗಿಂದ ಒಮ್ಮೆ ನೋಡಿದರು.

"ಧಣಿ, ಅಡಿಪಾಯ ಭಾರೀ ಗಟ್ಟಿ ಹಾಕಿಸಿದ್ದೀರಿ."

ನಾನು ಚಿಲ್ಲರೆ ಎಣಿಸುವವನಂತೆ ತಲೆ ತಗ್ಗಿಸಿದೆ.

"ಇದರ ಮೇಲೆ ಮೂರು ಮಾಳಿಗೆ ಕಟ್ಟಬಹುದು ಮಾರ್ರೆ. ಚಾ ಇರುವುದು ಮೇಲಿನ ಮಾಳಿಗೆಯಲ್ಲಿ ಮಾತ್ರ."

ಹಿಂದೆ ಕೂತ ಒಬ್ಬ, "ಬಾಡಿಗೆಗೆ ಉಂಟಾ ಕೆಳಗಿನದ್ದು?" ಎಂದು ಕೇಳಿದ. ಹೋಟೆಲು ಹೋಟೆಲೇ ನಕ್ಕಿತು. ಮಾಸ್ಟರು ಕೂಡ ನಕ್ಕರು; ಅವರ ಭುಜ ಅಲುಗಿದ್ದು ನನಗೆ ಕಂಡಿತು. ಮಧ್ಯಾಹ್ನಕ್ಕೆ ಆ ಗ್ಲಾಸುಗಳನ್ನೆಲ್ಲ ಕಟ್ಟಿ ಮನೆಗೆ ಸಾಗಿಸಿದೆ. "ನಿಮ್ಮ ಅಕ್ಕನ ಮನೆಯವರು ಬಂದಾಗ ಆಗ್ತದೆ" ಎಂದು ಹೆಂಡತಿ ಕಪಾಟಿನಲ್ಲಿಟ್ಟಳು.

ಇನ್ನು ಉಳಿದದ್ದು ಬೆಲೆಯೇ. ಆದರೆ ಒಬ್ಬನೇ ಏರಿಸುವುದು ಹೇಗೆ? ಆ ರಸ್ತೆಯಲ್ಲಿ ನಾವು ಐದು ಹೋಟೆಲಿನವರು. ಊಟದ ಹೊತ್ತು ಕಳೆದು ಸಂಜೆಯ ಚಾ ಶುರುವಾಗುವ ನಡುವಿನ ವೇಳೆಯಲ್ಲಿ ಎಲ್ಲರನ್ನೂ ನನ್ನ ಹೋಟೆಲಿಗೆ ಕರೆದೆ. ನನ್ನ ಲೆಕ್ಕ ಹೇಳಿದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ಎಲ್ಲರದೂ ಅದೇ ಕಥೆ. ಒಬ್ಬರು ಸಕ್ಕರೆ ಕಡಿಮೆ ಹಾಕಿ ನೋಡಿದ್ದರು, ಒಬ್ಬರು ಹಾಲಿಗೆ ನೀರು ಹಾಕಿ ನೋಡಿದ್ದರು. ಒಬ್ಬರ ಹತ್ತಿರ ನಾನು ತಂದಂಥದ್ದೇ ಗ್ಲಾಸುಗಳಿದ್ದವು. ಐವತ್ತು ಪೈಸೆ ಮಾಡುವುದು, ಐದು ಜನವೂ ಒಟ್ಟಿಗೆ ಮಾಡುವುದು ಎಂದು ಅರ್ಧ ಗಂಟೆಯೊಳಗೆ ತೀರ್ಮಾನವಾಯಿತು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು.

"ಯಾವತ್ತಿಂದ?" ಎಂದೆ. "ನಾಳೆ ಆಗ್ಬಹುದಾ?"

ಎದುರು ಹೋಟೆಲಿನವರು ನನ್ನನ್ನು ವಿಚಿತ್ರವಾಗಿ ನೋಡಿದರು. "ನಾಳೆಯಾ? ನಾಳೆ ಆಟಿ ಶುರು ಮಾರಾಯ್ರೆ."

ನಮ್ಮ ತುಳುವರ ಆಟಿ ತಿಂಗಳಲ್ಲಿ ಮದುವೆ ಇಲ್ಲ, ಮನೆ ಒಕ್ಕಲು ಇಲ್ಲ, ಅಂಗಡಿ ತೆರೆಯುವುದಿಲ್ಲ, ಹೊಸ ಎಮ್ಮೆ ಕೂಡ ಹಟ್ಟಿಗೆ ಬರುವುದಿಲ್ಲ. ಮಳೆ ಬೀಳುತ್ತದೆ, ಜನ ಕಾಯುತ್ತಾರೆ. ಆಟಿ ಕಳೆದು ಸೋಣ ಬಂದ ಮೇಲೆ ಎಲ್ಲ. ಆದರೆ ಚಾದ ಬೆಲೆಗೂ ಆಟಿ ಇದೆಯೆಂದು ನನಗೆ ಹೊಳೆದಿರಲಿಲ್ಲ.

"ಆಟಿಯಲ್ಲಿ ಹೊಸತು ಶುರು ಮಾಡಿ ಯಾರಿಗಾದರೂ ಒಳ್ಳೆದಾಗಿದ್ದುಂಟಾ?" ಎಂದರು ಅವರು. "ಸೋಣ ಸಂಕ್ರಾಂತಿ ಕಳೀಲಿ. ಮರುದಿನ ಐದೂ ಬೋರ್ಡು ಒಟ್ಟಿಗೆ ಹಾಕುವ."

ಎಲ್ಲರೂ ಹೌದೆಂದರು. ಎಲ್ಲರ ಮುಖದಲ್ಲೂ ಒಂದು ನೆಮ್ಮದಿ ಕಂಡಿತು. ನಾನೂ ಹೌದೆಂದೆ, ಕಷ್ಟದ ಕೆಲಸ ಮುಂದೆ ಹೋಯಿತೆಂದರೆ ನನ್ನ ತಲೆ ತಾನಾಗಿಯೇ ಅಲ್ಲಾಡುತ್ತದೆ. ಅವರೆಲ್ಲ ಹೋದ ಮೇಲೆ, ಗ್ಲಾಸು ತೊಳೆಯುತ್ತಿದ್ದ ಮಾಸ್ಟರು ತಿರುಗದೆಯೇ ಕೇಳಿದರು: "ಸೋಣ ಸಂಕ್ರಾಂತಿಗೆ ಬೀಗ ಯಾರಿಗೋ ಕೊಡ್ಲಿಕ್ಕುಂಟು ಅಂತಿದ್ರಲ್ಲ?"

ಕಲ್ಲು ಪುನಃ ಎದೆಗೆ ಬಂತು. ಆಟಿ ಪೂರ್ತಿ ನಲವತ್ತು ಪೈಸೆಗೆ ಮಾರಿದರೆ ತಿಂಗಳ ಕೊನೆಗೆ ನನ್ನ ಕೈಯಲ್ಲಿರುವುದು ನಷ್ಟದ ಲೆಕ್ಕ. ಮರುದಿನ ಉಳಿದ ನಾಲ್ಕು ಹೋಟೆಲಿನವರು ಬೋರ್ಡು ಹಾಕುವಾಗ ನಾನು ಸೆಂಟಿನ ಬಾಟಲಿಗೆ ಬೆಲೆ ಚೀಟಿ ಅಂಟಿಸುತ್ತಿರುತ್ತೇನೆ.

ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಅವಳು ಹಲಸಿನ ಬೀಜ ಸುಲಿಯುತ್ತಿದ್ದಳು. ಶಾಸ್ತ್ರ ಸಂಪ್ರದಾಯದಲ್ಲಿ ನನಗಿಂತ ಬಿಗಿ. ಆಟಿಯಲ್ಲಿ ಕಸ ಗುಡಿಸಲು ಹೊಸ ಹಿಡಿಸೂಡಿ ಕೂಡ ತರಿಸದವಳು. ಅವಳಿಂದ ಬೇಡ ಎಂಬ ಮಾತು ಬರುತ್ತದೆ, ನನ್ನ ಮೇಲಿನ ಭಾರ ಹೋಗುತ್ತದೆ ಎಂಬ ಸಣ್ಣ ಆಸೆಯೂ ನನಗಿತ್ತು.

"ನಷ್ಟ ಯಾವಾಗ ಶುರು ಆದದ್ದು?" ಎಂದು ಕೇಳಿದಳು.

"ಕಳೆದ ವರ್ಷವೇ ಇರಬೇಕು."

"ಹಾಗಾದ್ರೆ ನೀವು ಹಳತನ್ನು ನಿಲ್ಲಿಸುವುದು. ನಿಲ್ಲಿಸುವುದಕ್ಕೆ ಆಟಿ ಎಂತಕ್ಕೆ?"

"ಅವರೆಲ್ಲ ಹೊಸತು ಅಂತಾರಲ್ಲ."

"ಅವರಿಗೆ ಹೆದರಿಕೆ. ನಿಮಗೂ ಹೆದರಿಕೆ. ಆಟಿಯ ಮೇಲೆ ಯಾಕೆ ಹಾಕ್ತೀರಿ?" ಎಂದು ಬೀಜದ ತಟ್ಟೆಯನ್ನು ನನ್ನ ಕಡೆ ತಳ್ಳಿದಳು. "ಸುಮ್ಮನೆ ಕೂತು ಯೋಚಿಸುವ ಬದಲು ಸುಲಿಯಿರಿ."

ಸುಲಿಯುತ್ತಾ ಯೋಚಿಸಿದೆ. ಆಟಿಯಲ್ಲಿ ಸರಕು ಸಾಗಿಸುವ ಮಂಜಿಗಳು ಸಮುದ್ರಕ್ಕೆ ಇಳಿಯುವುದಿಲ್ಲ, ಬಂದರಿನಲ್ಲಿ ಕೆಲಸ ಅರ್ಧ. ಹೇಗೂ ಗಿರಾಕಿ ಕಡಿಮೆ. ಕಳೆದುಕೊಳ್ಳುವುದಿದ್ದರೆ ಕಡಿಮೆ ಜನರನ್ನು ಕಳೆದುಕೊಳ್ಳುವ ತಿಂಗಳು ಇದೇ. ಹೆದರುವವನಿಗೆ ಇದಕ್ಕಿಂತ ಒಳ್ಳೆಯ ಮುಹೂರ್ತ ಸಿಕ್ಕುವುದಿಲ್ಲ. ತಟ್ಟೆ ಖಾಲಿಯಾಗುವಷ್ಟರಲ್ಲಿ ಮೂರು ವಿಷಯ ನಿಶ್ಚಯವಾಗಿತ್ತು. ಒಬ್ಬನೇ ಏರಿಸುವುದು. ಹಳೆಯ ಗ್ಲಾಸಿನಲ್ಲೇ, ಅಂಚಿನವರೆಗೆ, ನೀರು ಸೇರಿಸದ ಹಾಲಿನಲ್ಲಿ ಕೊಡುವುದು. ಮತ್ತು ಕುಡಿದ ಮೇಲೆ ಹೇಳದೆ, ಹೊಯ್ಯುವ ಮೊದಲೇ ಬೆಲೆ ಹೇಳುವುದು. ಮೂರನೆಯದನ್ನು ನಿಶ್ಚಯಿಸುವಾಗ ಬೀಜದ ಜೊತೆ ಉಗುರೂ ಸ್ವಲ್ಪ ಸುಲಿದಿತ್ತು.

ಮುಂಚಿನ ದಿನವೇ ಎದುರು ಹೋಟೆಲಿನವರಿಗೆ ಹೋಗಿ ತಿಳಿಸಿದೆ. ಗೊತ್ತಾಗದಂತೆ ಮಾಡಿದರೆ ಕೊಟ್ಟ ಮಾತಿಗೆ ಮೋಸವಾಗುತ್ತದೆ. "ನೀವು ಮುಂದೆ ಹೋಗಿ, ನಾವು ಹಿಂದಿನಿಂದ ನೋಡ್ತೇವೆ" ಎಂದರು ಅವರು. ಹೊಳೆಗೆ ಇಳಿಯುವವನಿಗೆ ಹೇಳುವ ದನಿ ಅದು.

ಬೋರ್ಡು ಬರೆಯುವವ ಸಂಜೆ ಬೋರ್ಡನ್ನು ಪೇಪರಿನಲ್ಲಿ ಸುತ್ತಿ ತಂದುಕೊಟ್ಟ. ಬಿಳಿ ಹಲಗೆ, ಕೆಂಪು ಅಕ್ಷರ: ಚಾ 50 ಪೈಸೆ. ನಾನು ಅಕ್ಷರ ಅಕ್ಷರವಾಗಿ ನೋಡಿದೆ. ಪೈ ಸರಿ ಇತ್ತು, ಸೆ ಸರಿ ಇತ್ತು. ಹೆಂಡತಿಯಿಂದ ಓದಿಸಿದೆ, ಮಾಸ್ಟರಿಂದ ಓದಿಸಿದೆ. ಅಲ್ಲಲ್ಲಿ ಅಂಟಿಕೊಂಡ ಪೇಪರಿನ ಚೂರುಗಳನ್ನು ಉಗುರಿನಿಂದ ಕಿತ್ತು, ಮರುದಿನ ಬೆಳಿಗ್ಗೆ ಬಾಗಿಲ ಹತ್ತಿರದ ಕಂಬಕ್ಕೆ, ಮನುಷ್ಯನ ಭುಜದ ಎತ್ತರಕ್ಕೆ, ಎಲ್ಲರಿಗೂ ಕಾಣುವಂತೆ ತೂಗುಹಾಕಿದೆ.

ಮೊದಲು ಬಂದವರು ಮೇಸ್ತ್ರಿಯೇ. ನಾನು ಗಲ್ಲಾದಿಂದ ಎದ್ದು ಅವರ ಮೇಜಿನ ಹತ್ತಿರ ಹೋದೆ. ವರ್ಷಗಳಲ್ಲಿ ಹಾಗೆ ಎದ್ದುಹೋದದ್ದು ಅದೇ ಮೊದಲು. ಅವರು ಗಾಬರಿಯಾಗಿ ತಾವೂ ಎದ್ದು ನಿಂತರು.

"ಇವತ್ತಿಂದ ಐವತ್ತು" ಎಂದೆ.

"ಎಂತದು ಐವತ್ತು?"

"ಚಾ."

ಅವರು ಬೋರ್ಡು ನೋಡಿದರು, ನನ್ನನ್ನು ನೋಡಿದರು. "ಗ್ಲಾಸ್ ಯಾವುದು?"

"ಹಳತು."

"ಅಡಿಪಾಯ ಇಲ್ಲದ್ದಾ?"

"ಇಲ್ಲದ್ದು."

"ಹಾಗಾದ್ರೆ ಹೇಳಿ ಹತ್ತು ಚಾ." ಅವರು ಕೂತರು. "ನಿಮ್ಮ ಮುಖ ನೋಡಿ ಯಾರೋ ತೀರಿಕೊಂಡ್ರು ಅಂತ ಎಣಿಸಿದೆ ಮಾರ್ರೆ. ಹತ್ತು ಪೈಸೆಗೆ ಯಾರಾದರೂ ಹೀಗೆ ಬೆವರ್ತಾರಾ?"

ಮಾಸ್ಟರು ಕೈ ಎತ್ತಿ ಒಂದು ಮೊಳ ಉದ್ದಕ್ಕೆ ಚಾ ಎಳೆದು ಹೊಯ್ದರು. ಅಂಚಿನವರೆಗೆ ನೊರೆ. ಗುಮಾಸ್ತರು ಬಂದರು, ಗೊಣಗಿದರು, ಕುಡಿದರು. ಆಟೋದವರು ಬಂದರು. ಒಬ್ಬರು ಬೆಲೆ ಕೇಳಿ ಎದ್ದು ಹೋದರು. ಎದುರು ಹೋಟೆಲಿನಲ್ಲಿ ಚಾ ಕುಡಿದು, ಬನ್ಸಿಗೆ ವಾಪಸು ನನ್ನಲ್ಲಿಗೇ ಬಂದರು. ಗ್ಲಾಸು ಒಡೆಯಲಿಲ್ಲ. ಬಾವುಟ ಬರಲಿಲ್ಲ. ನನ್ನ ಎದೆಯೂ ಸುಮ್ಮನಿತ್ತು.

ಹತ್ತರ ಸುಮಾರಿಗೆ ಬಾವಮೈದ ಬಂದ. ಬಿಳಿ ಟೆರಿಲಿನ್ ಅಂಗಿ, ಕೈಯಲ್ಲಿ ಮಡಚುವ ಕೊಡೆ. ಖಾಲಿ ಹೋಟೆಲು ನೋಡಲು ಬಂದವನೆಂದು ಅವನ ನಡಿಗೆಯೇ ಹೇಳುತ್ತಿತ್ತು. ಆಗ ಆಟಿಯ ಮಳೆ ಒಮ್ಮೆಲೇ ರಪ್ಪನೆ ಹೊಯ್ಯಿತು. ಹಂಚಿನ ಲಾರಿಯವರು, ಮೀನಿನ ಬುಟ್ಟಿಯವರು, ದಾರಿಯಲ್ಲಿದ್ದವರು ಎಲ್ಲ ಒಳಗೆ ನುಗ್ಗಿದರು. ಒದ್ದೆಯಾಗಿ ಬಂದವರಿಗೆ ಚಾ ಬಿಟ್ಟು ಬೇರೇನು ಬೇಕು? ಬೆಂಚಿನಲ್ಲಿ ಜಾಗವಿಲ್ಲ. ಬಾವಮೈದ ಕೂರಲು ಜಾಗ ಹುಡುಕಿ, ಸಿಗದೆ, ಬಾಗಿಲ ಕಂಬಕ್ಕೆ ಒರಗಿ ನಿಂತ. ಕೈಬೆರಳಲ್ಲಿ ತಲೆ ಎಣಿಸುತ್ತಿದ್ದ. ಹತ್ತಿಪ್ಪತ್ತು ನಿಮಿಷ ಹಾಗೆಯೇ ನಿಂತಿದ್ದ.

ಮಳೆ ನಿಂತಾಗ, "ಮಳೆಗೆ ಬಂದ ಜನ ಬಾವ. ಸಂಕ್ರಾಂತಿಗೆ ಲೆಕ್ಕ ನೋಡುವ" ಎಂದು ರಸ್ತೆಗಿಳಿದ.

ಅವನು ಹೋದ ಮೇಲೆ ಬೋರ್ಡು ನೋಡಿದೆ. ಚಾ ಇತ್ತು, ಪೈಸೆ ಅರ್ಧ ಇತ್ತು, ನಡುವಿನ ಐವತ್ತು ಕೆಸರು ಮೆತ್ತಿದ ಹಾಗೆ ಹರಡಿತ್ತು. ಬಾಗಿಲಿಗೆ ಓಡಿದೆ. ಬಾವಮೈದ ಕೊಡೆ ಮಡಚಿ ಹಿಡಿದು, ಎದೆ ಸೆಟೆದು, ರಸ್ತೆಯ ನಡುವೆ ನಡೆಯುತ್ತಿದ್ದ. ಬಿಳಿ ಬೆನ್ನಿನ ಮೇಲೆ ಕೆಂಪು ಐವತ್ತು, ಕನ್ನಡಿಯಲ್ಲಿ ಕಂಡಂತೆ ತಿರುಗಾಮುರುಗಾ. ಕೂಗಲು ಬಾಯಿ ತೆರೆದೆ. ಮಳೆಗೆ ಮತ್ತೆ ಒಳಗೆ ಬಂದಿದ್ದ ಮೇಸ್ತ್ರಿ ನನ್ನ ತೋಳು ಹಿಡಿದರು.

"ಬೇಡ ಧಣಿ. ಬೋರ್ಡು ಪೇಟೆಗೆ ಹೊರಟಿದೆ. ಹೋಗ್ಲಿ ಬಿಡಿ."

ಅದು ಉಳಿದ ನಾಲ್ಕೂ ಹೋಟೆಲಿನ ಮುಂದೆ ಹೋಯಿತು. ಮಧ್ಯಾಹ್ನ ಎದುರು ಹೋಟೆಲಿನವರು ರಸ್ತೆ ದಾಟಿ ಬಂದರು. "ಸ್ವಂತ ಬಾವಮೈದನ ಬೆನ್ನಿಗೆ ಬೆಲೆ ಬರೆದು ಊರೆಲ್ಲ ತಿರುಗಿಸಿದ್ದೀರಲ್ಲ ಮಾರಾಯ್ರೆ! ನಿಮಗೆ ಇಷ್ಟು ಧೈರ್ಯ ಉಂಟು ಅಂತ ಗೊತ್ತಿರ್ಲಿಲ್ಲ" ಎಂದರು. ಧೈರ್ಯವಂತ ಎಂಬ ಮಾತು ನನ್ನ ಬಗ್ಗೆ ಬಂದದ್ದು ಅದೊಂದೇ ಸಲ. ಅದನ್ನು ತಿದ್ದುವ ಮನಸ್ಸಾಗಲಿಲ್ಲ. ವಾರದೊಳಗೆ ಅವರ ಬೋರ್ಡೂ ಹೊರಗೆ ಬಂತು, ಉಳಿದವರದೂ ಬಂತು. ಆಟಿ ಇನ್ನೂ ಅರ್ಧ ಬಾಕಿ ಇತ್ತು.

ಸೋಣ ಸಂಕ್ರಾಂತಿಯ ಸಂಜೆ ಬಾವಮೈದ ನಮ್ಮ ಮನೆಗೆ ಬಂದ. ನನ್ನ ಲೆಕ್ಕವನ್ನು ಮೇಲಿಂದ ಕೆಳಗೆ ನೋಡಿದ, ಕೆಳಗಿಂದ ಮೇಲೆ ನೋಡಿದ. ಚಾ ತನ್ನ ಖರ್ಚು ತಾನೇ ಹೊತ್ತು, ಒಂದಿಷ್ಟು ಮಿಗಿಸಿಯೂ ಇತ್ತು. ಅವನು ಸಣ್ಣ ಬುದ್ಧಿಯವನಲ್ಲ. ಕಾಗದ ಮಡಚಿ ಅಕ್ಕನ ಕೈಗೆ ಕೊಟ್ಟ.

"ಸರಿ ಉಂಟು. ನಾನು ಕೊಟ್ಟಾರದಲ್ಲಿ ಜಾಗ ನೋಡ್ತೇನೆ. ಅಲ್ಲಿ ಹೈವೇ ಉಂಟು" ಎಂದ. ಆಮೇಲೆ ಚೀಲದಿಂದ ಒಂದು ಪೇಪರಿನ ಕಟ್ಟು ತೆಗೆದು ಮೇಜಿನ ಮೇಲೆ ಬಿಚ್ಚಿದ. "ಆದರೆ ಇದಕ್ಕೆ ಎಂತ ಹೇಳ್ತೀರಿ?"

ಟೆರಿಲಿನ್ ಅಂಗಿ. ಸೀಮೆಎಣ್ಣೆಯಲ್ಲಿ ತೊಳೆದಿದ್ದರು, ಸಾಬೂನಿನಲ್ಲಿ ತೊಳೆದಿದ್ದರು, ಕೆಂಪು ಹೋಗಿ ಗುಲಾಬಿಯಾಗಿತ್ತು. ಐವತ್ತು ಮಾತ್ರ ಅಲ್ಲೇ ಇತ್ತು.

ನಾನು ಹೇಳಿದೆ, ಹಮಾಲಿಗಳ ಬಗ್ಗೆ ಯೋಚಿಸಿದ್ದೆ, ಯೂನಿಯನ್ನಿನ ಬಗ್ಗೆ ಯೋಚಿಸಿದ್ದೆ, ಇನ್‌ಸ್ಪೆಕ್ಟರರ ಬಗ್ಗೆ, ಅಕ್ಷರ ತಪ್ಪಿನ ಬಗ್ಗೆ ಕೂಡ ಯೋಚಿಸಿದ್ದೆ. ಆಟಿಯ ತೇವಕ್ಕೆ ಬಣ್ಣ ಒಣಗುವುದಿಲ್ಲ ಎಂಬುದೊಂದು ಮಾತ್ರ ತಲೆಗೆ ಬರಲಿಲ್ಲ ಎಂದು.

ಹೆಂಡತಿ ದಪ್ಪ ತಳದ ಗ್ಲಾಸಿನಲ್ಲಿ ತಮ್ಮನಿಗೆ ಚಾ ತಂದಿಟ್ಟಳು. ಅಂಗಿಯ ಬೆನ್ನನ್ನು ಬೆರಳಿನಿಂದ ಒಮ್ಮೆ ಉಜ್ಜಿ ನೋಡಿದಳು.

"ಬೆಲೆಗೆ ಆಟಿ ಇಲ್ಲ ಅಂತ ನಾನು ಹೇಳಿದ್ದು ಹೌದು" ಎಂದಳು. "ಬಣ್ಣಕ್ಕೆ ಉಂಟಲ್ಲ ಮಾರಾಯ್ರೆ."